ತಿಜೋರಿಯ ಹೊರಗೆ ನಿಂತ ಕಾವಲುಗಾರ

ಕಳೆದ ವರ್ಷ ದಸರಾ ರಜೆ. ನಾರಾಯಣಗೂಡದ ಫ್ಲೈಓವರ್ ಮೇಲೆ ಅಪರೂಪಕ್ಕೆ ಗಾಡಿಗಳ ಸದ್ದು ಕಡಿಮೆಯಾಗಿತ್ತು. ವೈಎಂಸಿಎ ಹತ್ತಿರ ಇಡ್ಲಿ ತಿಂದು, ಪೇಪರ್ ಹಿಡಿದು ಮನೆಗೆ ಬಂದು ಕೂತಿದ್ದೆ. ಅಷ್ಟರಲ್ಲಿ ಗೆಳೆಯರೊಬ್ಬರ ಫೋನು. "ಸಾಹೇಬ್ರೆ, ನಮ್ಮ ಡಬ್ಬಿಯಲ್ಲಿ ಒಂದೂ ಫೈಲ್ ತೆರೀತಾ ಇಲ್ಲ. ಏನೋ ಇಂಗ್ಲಿಷ್‌ನಲ್ಲಿ ದುಡ್ಡು ಕೊಡಿ ಅಂತ ಬರೆದಿದೆ. ಸ್ವಲ್ಪ ಬರ್ತೀರಾ?"

ಹೊಟ್ಟೆಯಲ್ಲಿ ತಿಂದ ಇಡ್ಲಿ ಕಲ್ಲಾಯಿತು ಅಂದ್ರೆ ಸುಳ್ಳಲ್ಲ.

ಆ ಡಬ್ಬಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಾವು ಕೆಲವರು, ಹೈದರಾಬಾದಿನಲ್ಲೇ ಬೇರು ಬಿಟ್ಟ ಕನ್ನಡಿಗರು, ಆರೇಳು ವರ್ಷದಿಂದ ಒಂದು ಸಣ್ಣ ಕೆಲಸ ಮಾಡಿಕೊಂಡು ಬಂದಿದ್ದೇವೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯನ್ನು ಕಣ್ಣಾರೆ ಕಂಡವರು, 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದಾಗ ತಾವು ಮಾತ್ರ ಇಲ್ಲೇ ಉಳಿದವರು, ಅಂಥ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು. ಮನೆಮನೆಯ ಹಳೇ ಫೋಟೋ, ಮದುವೆ ಕರೆಯೋಲೆ, ಕಾಚಿಗೂಡದ ನಾಟಕಗಳ ಕರಪತ್ರ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಡುವುದು. ಇಡುವುದೆಲ್ಲಿ? ಅದಕ್ಕೇ ಆ ಡಬ್ಬಿ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಚಿಕ್ಕದಾಗಿ ನಾಸ್. ಒಳಗೆ ಎರಡು ಹಾರ್ಡ್ ಡಿಸ್ಕ್, ಹಿಂದೆ ಒಂದು ನೆಟ್‌ವರ್ಕ್ ವೈರು. ಕೋಣೆಯಲ್ಲಿರುವ ಯಾವ ಕಂಪ್ಯೂಟರಿನಿಂದಲಾದರೂ ಅದರೊಳಕ್ಕೆ ಫೈಲ್ ಹಾಕಬಹುದು, ತೆಗೆಯಬಹುದು. ಊರ ನಡುವಿನ ಸೇದುವ ಬಾವಿ ಇದ್ದ ಹಾಗೆ.

ಗೆಳೆಯರು ಕೇಳಿದ ಪ್ರಶ್ನೆ ಒಂದೇ. "ಎಲ್ಲ ಕಂಪ್ಯೂಟರಿಗೂ ಆಂಟಿವೈರಸ್ ಹಾಕಿಸಿದ್ವಿ. ಡಬ್ಬಿಯೊಳಗೂ ಒಂದು ಇತ್ತು. ಮತ್ತೆ ಹೆಂಗಾಯ್ತು?"

ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಆದರೆ 1990ರಲ್ಲಿ ಬ್ಯಾಂಕ್ ಸೇರಿ, ಕೈ ಬರಹದ ಲೆಡ್ಜರಿನಿಂದ ಹಿಡಿದು ಇವತ್ತಿನ ತನಕ ಆಗಿದ್ದನ್ನೆಲ್ಲ ಕೌಂಟರಿನ ಒಳಗಿಂದ ನೋಡಿದ್ದೇನೆ. ನಡುವೆ ಕೆಲವು ವರ್ಷ "ನಿಮಗೆ ಕಂಪ್ಯೂಟರ್ ಬರುತ್ತಲ್ರೀ" ಅಂತ ಕಂಪ್ಯೂಟರ್ ವಿಭಾಗಕ್ಕೂ ಹಾಕಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸುಮಾರು ನಲವತ್ತು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನೂ ಹೇಳುತ್ತೇನೆ.

*

ಬ್ಯಾಂಕಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಕಲಿಸುವ ಪಾಠ ಒಂದಿದೆ. ತಿಜೋರಿಗೆ ಎರಡು ಕೀಲಿ. ಒಂದು ಹೆಡ್ ಕ್ಯಾಶಿಯರ್ ಹತ್ತಿರ, ಇನ್ನೊಂದು ಅಧಿಕಾರಿ ಹತ್ತಿರ. ಇಬ್ಬರೂ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ವೋಚರ್ ಬರೆದವನೇ ಅದನ್ನು ಪಾಸ್ ಮಾಡುವಂತಿಲ್ಲ. ಇದು ಅಪನಂಬಿಕೆಯಲ್ಲ, ಪದ್ಧತಿ. ಇಟ್ಟುಕೊಳ್ಳುವವನು ಬೇರೆ, ಪರೀಕ್ಷಿಸುವವನು ಬೇರೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಿದ್ದು ಸುಲಭವಾಗಿಯೇನಲ್ಲ. ಸಿ. ರಂಗರಾಜನ್ ಅವರ ಮೊದಲ ಸಮಿತಿ 1984ರಲ್ಲಿ ವರದಿ ಕೊಟ್ಟಿತು, ಎರಡನೆಯದು 1989ರಲ್ಲಿ. ಯೂನಿಯನ್ನುಗಳ ವಿರೋಧ, ಮಾತುಕತೆ, ಒಪ್ಪಂದ. ಕೆಲಸ ಹೋಗುತ್ತದೆ ಅನ್ನೋ ಭಯ ನಮಗೂ ಇತ್ತು. ಮೊದಲು ಬಂದದ್ದು ಎಎಲ್‌ಪಿಎಂ ಅಂತ ಕರೆಯುತ್ತಿದ್ದ ಲೆಡ್ಜರ್ ಪೋಸ್ಟಿಂಗ್ ಯಂತ್ರ. ಒಂಟಿ ಯಂತ್ರ, ಪಕ್ಕದ ಯಂತ್ರದ ಜೊತೆ ಮಾತಿಲ್ಲ ಕಥೆಯಿಲ್ಲ. ದಿನದ ಕೊನೆಗೆ ಲೆಕ್ಕ ಫ್ಲಾಪಿಯಲ್ಲಿ ಹೋಗಬೇಕು. ಏಸಿ ರೂಮಿನೊಳಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ ಅದು!!

ಫ್ಲಾಪಿ ಅಂದ ಮೇಲೆ ವೈರಸ್ ಬಂತು. ಪೀಸಿಗಳಿಗೆ ಅಂಟಿದ ಮೊದಲ ವೈರಸ್ ಅಂತ ಹೆಸರಾದ "ಬ್ರೇನ್" ಹುಟ್ಟಿದ್ದು ಅಮೆರಿಕದಲ್ಲಿ ಅಲ್ಲ, ನಮ್ಮ ಪಕ್ಕದ ಲಾಹೋರಿನಲ್ಲಿ, 1986ರಲ್ಲಿ. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಅನ್ನೋ ಅಣ್ಣತಮ್ಮಂದಿರು ಬರೆದದ್ದು. ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರ್ ಎಲ್ಲ ಅದರೊಳಗೇ ಹಾಕಿದ್ದರು ಪುಣ್ಯಾತ್ಮರು. ನಮ್ಮ ದೇಶದ್ದೂ ಒಂದಿದೆ. 1990ರಲ್ಲಿ ಭಾರತದಲ್ಲಿ ಪತ್ತೆಯಾದ "ಜೋಶಿ" ವೈರಸ್. ಪ್ರತಿ ವರ್ಷ ಜನವರಿ 5ರಂದು ಯಂತ್ರ ನಿಂತುಬಿಡುತ್ತಿತ್ತು. "ಹ್ಯಾಪಿ ಬರ್ತ್‌ಡೇ ಜೋಶಿ" ಅಂತ ಟೈಪ್ ಮಾಡಿ ಶುಭ ಹಾರೈಸಿದರೆ ಮುಂದಕ್ಕೆ ಬಿಡುತ್ತಿತ್ತು. ಈಗ ನಗು ಬರುತ್ತದೆ. ಗ್ರಾಹಕರು ಸಾಲು ನಿಂತಾಗ ಯಾರಿಗೂ ನಗು ಬರುತ್ತಿರಲಿಲ್ಲ.

ಆಗಿನ ಪರಿಹಾರವೂ ಸರಳ. ಕೋಣೆಯ ಬಾಗಿಲಲ್ಲಿ ಒಂದು ಹಳೇ ಕಂಪ್ಯೂಟರ್. ಅದಕ್ಕೆ ಬೇರೆ ಯಾವ ಕೆಲಸವೂ ಇಲ್ಲ, ಯಾವ ವೈರಿಗೂ ಸೇರಿಸಿಲ್ಲ. ಹೊರಗಿಂದ ಬಂದ ಪ್ರತಿ ಫ್ಲಾಪಿಯನ್ನೂ ಮೊದಲು ಅದರಲ್ಲಿ ಹಾಕಿ ಪರೀಕ್ಷೆ ಮಾಡಿ ಒಳಗೆ ಬಿಡಬೇಕು. ಇಂಗ್ಲಿಷಿನವರು ಇದಕ್ಕೆ "ಶೀಪ್ ಡಿಪ್" ಅನ್ನುತ್ತಾರೆ. ಕುರಿಗಳನ್ನು ಹಿಂಡಿಗೆ ಸೇರಿಸುವ ಮೊದಲು ಔಷಧಿ ನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರಲ್ಲ, ಅದೇ. ನಮ್ಮ ರಾಯಚೂರು ಕಡೆ ಕುರಿ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಡಿನೊಳಗೆ ನಿಂತು ಔಷಧಿ ಹಾಕುವುದಲ್ಲ, ಹಿಂಡಿಗೆ ಬರುವ ಮುಂಚೆ, ಬೇರೆ ಜಾಗದಲ್ಲಿ.

*

1998ರ ನವೆಂಬರಿನಲ್ಲಿ ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್ ಅವರ ಆದೇಶ ಬಂತು. 2001ರ ಜನವರಿ 1ರ ಒಳಗೆ ಬ್ಯಾಂಕುಗಳ ವ್ಯವಹಾರದ ಶೇಕಡಾ 70 ಕಂಪ್ಯೂಟರಿಗೆ ಬರಬೇಕು. ಅಲ್ಲಿಂದ ಶುರುವಾಯಿತು ನೋಡಿ ಓಟ. ರಿಸರ್ವ್ ಬ್ಯಾಂಕ್ 1996ರಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆ ಇರುವುದು ನಮ್ಮ ಊರಲ್ಲೇ, ಮಾಸಾಬ್ ಟ್ಯಾಂಕ್ ಹತ್ತಿರ. ಬ್ಯಾಂಕುಗಳನ್ನೆಲ್ಲ ಜೋಡಿಸುವ ಇನ್‌ಫಿನೆಟ್ ಜಾಲ 1999ರಲ್ಲಿ ಅಲ್ಲಿಂದಲೇ ಶುರುವಾದದ್ದು. ಒಂಟಿ ಯಂತ್ರಗಳ ಕಾಲ ಮುಗಿಯಿತು. ವೈರಿನ ಕಾಲ ಬಂತು.

ವೈರು ಬಂದ ಮೇಲೆ ಎಲ್ಲರಿಗೂ ಸೇರಿದ ಒಂದು ಕಪಾಟು ಬೇಕಾಯಿತು. ಸುತ್ತೋಲೆ, ಸಾಲದ ಪ್ರಸ್ತಾವ, ಸ್ಟೇಟ್‌ಮೆಂಟ್ ನಮೂನೆ, ಎಲ್ಲ ಒಂದೇ ಕಡೆ. ಅಂಥ ಕಪಾಟಿನ ಇತಿಹಾಸ ಇನ್ನೂ ಹಿಂದಿನದು. ಜಾಲದ ಮೇಲೆ ಫೈಲ್ ಹಂಚಿಕೊಳ್ಳುವ ಎನ್‌ಎಫ್‌ಎಸ್ ಅನ್ನೋ ಭಾಷೆಯನ್ನು ಸನ್ ಕಂಪನಿ 1984ರ ಹೊತ್ತಿಗೆ ಯುನಿಕ್ಸ್ ಯಂತ್ರಗಳಿಗೆ ಮಾಡಿತು. ಐಬಿಎಂನಲ್ಲಿ ಹುಟ್ಟಿ ಮೈಕ್ರೋಸಾಫ್ಟ್ ಬೆಳೆಸಿದ್ದು ಎಸ್‌ಎಂಬಿ, ಸಿಐಎಫ್‌ಎಸ್ ಅಂತಲೂ ಕರೆಯುತ್ತಿದ್ದರು, ಅದು ವಿಂಡೋಸ್ ಭಾಷೆ. ಫೈಲ್ ಇಡುವುದಕ್ಕೇ ಅಂತ ಪ್ರತ್ಯೇಕ ಯಂತ್ರ ಮಾಡಿದವರಲ್ಲಿ ಮೊದಲಿಗರು 1987ರಲ್ಲಿ ಶುರುವಾದ ಆಸ್ಪೆಕ್ಸ್ ಕಂಪನಿಯವರು. ಅಲ್ಲಿಂದ ಹೊರಬಂದ ಡೇವಿಡ್ ಹಿಟ್ಜ್, ಜೇಮ್ಸ್ ಲಾವ್ ಇಬ್ಬರೂ ಮೈಕಲ್ ಮಾಲ್ಕಮ್ ಜೊತೆ ಸೇರಿ 1992ರಲ್ಲಿ ಕಟ್ಟಿದ್ದು ನೆಟ್‌ವರ್ಕ್ ಅಪ್ಲಯನ್ಸ್, ಈಗಿನ ನೆಟ್‌ಆಪ್. ಬೆಂಗಳೂರಿನವರಿಗೆ ಗೊತ್ತು, ವೈಟ್‌ಫೀಲ್ಡಿನಲ್ಲಿ ಅವರ ದೊಡ್ಡ ಕೇಂದ್ರವಿದೆ. ಅವರ ಮೂಲ ವಿಚಾರ ಟೋಸ್ಟರ್. ಬ್ರೆಡ್ ಸುಡುವ ಯಂತ್ರ ಬ್ರೆಡ್ ಮಾತ್ರ ಸುಡುತ್ತದೆ, ಚಟ್ನಿ ಅರೆಯುವುದಿಲ್ಲ. ಹಾಗೆ ಈ ಯಂತ್ರ ಫೈಲ್ ಮಾತ್ರ ಕಾಯುತ್ತದೆ, ಬೇರೆ ಕೆಲಸವಿಲ್ಲ.

ಒಂದೇ ಕೆಲಸ ಮಾಡುವ ಯಂತ್ರಕ್ಕೆ ತನ್ನದೇ ಪುಟ್ಟ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ವೈರಸ್ ಅದರ ಮೇಲೆ ಓಡುವುದಿಲ್ಲ. ಹಾಗಾಗಿ ಬಹಳ ಜನ ನಿಶ್ಚಿಂತೆಯಿಂದ ಇದ್ದರು. "ಡಬ್ಬಿಗೆ ರೋಗ ಬರಲ್ಲ ಕಣ್ರೀ" ಅಂತ ಮಾರಾಟದವರೂ ಹೇಳುತ್ತಿದ್ದರು. ಖರೆ, ಬಾವಿಗೆ ಕಾಲರಾ ಬರುವುದಿಲ್ಲ. ಆದರೆ ಬಾವಿಯ ನೀರು ಕುಡಿದವರಿಗೆ ಬರುತ್ತದಲ್ಲ?

ಆ ಪಾಠ ಜಗತ್ತಿಗೆ ಸಿಕ್ಕಿದ್ದು 2001ರ ಸೆಪ್ಟೆಂಬರ್ 18ರಂದು. ನ್ಯೂಯಾರ್ಕಿನ ಗೋಪುರಗಳು ಬಿದ್ದು ಸರಿಯಾಗಿ ಒಂದು ವಾರ. ಅವತ್ತು ಹರಡಿದ "ನಿಮ್ಡಾ" ಅನ್ನೋ ಹುಳಕ್ಕೆ ಬರೀ ಈಮೇಲ್ ದಾರಿ ಸಾಲಲಿಲ್ಲ. ವೆಬ್ ಸರ್ವರ್ ಮೂಲಕ ಬಂತು. ಜಾಲದಲ್ಲಿ ಹಂಚಿಕೊಂಡ ಫೋಲ್ಡರುಗಳಲ್ಲಿ ತನ್ನ ಪ್ರತಿಗಳನ್ನು ಬಿತ್ತಿ ಬಂತು. ಒಬ್ಬರ ಕಂಪ್ಯೂಟರ್ ತೊಳೆದು ಬರುವಷ್ಟರಲ್ಲಿ ಅದೇ ಫೋಲ್ಡರ್ ತೆರೆದ ಇನ್ನೊಬ್ಬರಿಗೆ ಅಂಟುತ್ತಿತ್ತು. ಮನೆಮನೆಗೆ ಔಷಧಿ ಕೊಟ್ಟರೆ ಸಾಲದು, ಬಾವಿಯನ್ನೂ ನೋಡಬೇಕು ಅಂತ ಆಗ ಗೊತ್ತಾಯಿತು.

ಆದರೆ ಬಾವಿಯೊಳಗೆ ಇಳಿಯುವವರು ಯಾರು? ಆಂಟಿವೈರಸ್ ಕಂಪನಿಗಳ ಪ್ರೋಗ್ರಾಂ ವಿಂಡೋಸ್‌ಗೆ ಬರೆದದ್ದು, ಡಬ್ಬಿಯೊಳಗೆ ಓಡುವುದಿಲ್ಲ. ಹೇಗೋ ತುರುಕಿದರೂ ಡಬ್ಬಿಯ ವೇಗ ಕುಸಿಯುತ್ತದೆ. ಮುಚ್ಚಿದ ತಿಜೋರಿಗೆ ದಿನಾ ಒಂದು ತೂತು ಕೊರೆದ ಹಾಗೆ. ಆಗ ಹುಟ್ಟಿಕೊಂಡ ಉಪಾಯ, ಪರೀಕ್ಷೆಯನ್ನು ಡಬ್ಬಿಯ ಹೊರಗೆ, ಬೇರೆ ಸರ್ವರಿನಲ್ಲಿ ಇಡುವುದು. ಹಳೇ ಕುರಿ ತೊಟ್ಟಿಯೇ, ಆದರೆ ವೈರಿನ ಮೇಲೆ.

ಅದು ನಡೆಯುವ ರೀತಿ ಹೀಗೆ. ನೀವು ನಿಮ್ಮ ಮೇಜಿನಿಂದ ಒಂದು ಫೈಲ್ ತೆರೆಯುತ್ತೀರಿ. ಡಬ್ಬಿ ತಕ್ಷಣ ಕೊಡುವುದಿಲ್ಲ, "ಒಂದು ನಿಮಿಷ ಇರ್ರಿ" ಅಂತ ನಿಲ್ಲಿಸುತ್ತದೆ. ಪಕ್ಕದಲ್ಲಿ ನಿಂತ ಸ್ಕ್ಯಾನಿಂಗ್ ಸರ್ವರಿಗೆ "ಇಂಥ ಫೈಲ್ ನೋಡು" ಅಂತ ಚೀಟಿ ಕಳಿಸುತ್ತದೆ. ಸರ್ವರ್ ಆ ಫೈಲನ್ನು ಜಾಲದ ಮೇಲೆ ಓದಿ, ತನ್ನ ಹತ್ತಿರ ಇರುವ ವೈರಸ್ ಗುರುತುಗಳ ಪಟ್ಟಿಗೆ ಹೋಲಿಸಿ, "ಸರಿಯಾಗಿದೆ" ಅಥವಾ "ಕೊಡಬೇಡ" ಅನ್ನುತ್ತದೆ. ಸರಿ ಅಂದರೆ ನಿಮಗೆ ಫೈಲ್ ಸಿಗುತ್ತದೆ. ಬದಲಾಯಿಸಿ ಮುಚ್ಚಿದಾಗ ಮತ್ತೊಮ್ಮೆ ಪರೀಕ್ಷೆ. ಒಮ್ಮೆ ಪಾಸಾದ ಫೈಲನ್ನು ಡಬ್ಬಿ ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲ ಕಳಿಸುವುದಿಲ್ಲ. ಆದರೆ ಸರ್ವರಿಗೆ ಹೊಸ ಗುರುತುಗಳು ಬಂದ ದಿನ ಆ ನೆನಪೆಲ್ಲ ರದ್ದು, ಮತ್ತೆ ಮೊದಲಿನಿಂದ. ನಿನ್ನೆ ಯಾರಿಗೂ ಗೊತ್ತಿಲ್ಲದ ವೈರಸ್ ಇವತ್ತಿನ ಪಟ್ಟಿಯಲ್ಲಿ ಇರಬಹುದಲ್ಲ!

ನೆಟ್‌ಆಪ್‌ನವರದು ಒಂದು ಬಗೆ, ಇಎಂಸಿ ಕಂಪನಿಯ ಸೆಲೆರಾ ಯಂತ್ರದಲ್ಲಿ "ಕಾವಾ" ಅಂತ ಇನ್ನೊಂದು. 2003ರ ಏಪ್ರಿಲಿನಲ್ಲಿ ಪ್ರಕಟವಾದ ಐಕ್ಯಾಪ್ ಅನ್ನೋ ಒಪ್ಪಿತ ಭಾಷೆ ಮೂಲತಃ ವೆಬ್ ಪುಟಗಳಿಗೆ ಮಾಡಿದ್ದು, ಅದೂ ಈ ಕೆಲಸಕ್ಕೆ ಬಂತು. ಹೆಸರು ಏನೇ ಇರಲಿ, ತತ್ವ ಒಂದೇ. ಇದನ್ನು ಮೊದಲ ಸಲ ಕೇಳಿದಾಗ ನಾನು ಪಕ್ಕದವರಿಗೆ ಹೇಳಿದ್ದೆ, "ಇದು ನಮ್ಮ ಜೋಡಿ ಕೀಲಿನೇ ಅಲ್ವೇನ್ರೀ?" ಇಟ್ಟುಕೊಳ್ಳುವವನು ಬೇರೆ, ಪರೀಕ್ಷಿಸುವವನು ಬೇರೆ.

ಜೋಡಿ ಕೀಲಿಯ ತೊಂದರೆಗಳೂ ಜೊತೆಗೇ ಬಂದವು. ಒಂದು, ಪರೀಕ್ಷಕನಿಗೆ ಎಲ್ಲ ಫೈಲನ್ನೂ ಓದುವ ಅಧಿಕಾರ ಬೇಕು. ಮ್ಯಾನೇಜರ್ ಬೀಗ ಹಾಕಿಟ್ಟ ಗುಟ್ಟಿನ ಫೈಲನ್ನೂ. ಆ ಸರ್ವರನ್ನು ಕಳ್ಳ ಹಿಡಿದರೆ ಎಲ್ಲವೂ ಅವನ ಕೈಗೆ. ಎರಡು, ಆಗಿನ ನೆಟ್‌ಆಪ್ ಪದ್ಧತಿಯಲ್ಲಿ ಈ ಪರೀಕ್ಷೆ ಇದ್ದದ್ದು ವಿಂಡೋಸ್ ಬಾಗಿಲಿಗೆ ಮಾತ್ರ, ಎನ್‌ಎಫ್‌ಎಸ್ ಬಾಗಿಲಲ್ಲಿ ಬಂದವರನ್ನು ಯಾರೂ ಕೇಳುತ್ತಿರಲಿಲ್ಲ. ಮೂರನೆಯದೇ ಮುಖ್ಯ. ಪರೀಕ್ಷಕ ರಜೆ ಹಾಕಿದರೆ? ಸರ್ವರ್ ಕೆಟ್ಟು ನಿಂತರೆ ಡಬ್ಬಿ ಏನು ಮಾಡಬೇಕು? ಫೈಲ್ ಕೊಡಬೇಕಾ, ತಡೆಯಬೇಕಾ? ಅದಕ್ಕೊಂದು ಸ್ವಿಚ್ ಇತ್ತು, ಕಡ್ಡಾಯ ಪರೀಕ್ಷೆ ಅಂತ. ಹಾಕಿದ್ದರೆ ಪರೀಕ್ಷಕ ಇಲ್ಲದೆ ಒಂದು ಫೈಲೂ ತೆರೆಯದು. ತೆಗೆದಿದ್ದರೆ ಕಾವಲುಗಾರ ಮಲಗಿದ್ದರೂ ಬಾಗಿಲು ತೆರೆದೇ ಇರುತ್ತದೆ.

*

ಈಗ ನನ್ನ ತಪ್ಪು.

2000ದ ದಶಕದ ನಡುವಿನ ಮಾತು. ನಾನಿದ್ದ ಕಚೇರಿಯ ಹೆಸರು ಬೇಡ. ಸೆಪ್ಟೆಂಬರ್ 30, ಅರ್ಧ ವರ್ಷದ ಲೆಕ್ಕ ಮುಗಿಸುವ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಸ್ಕ್ಯಾನಿಂಗ್ ಸರ್ವರ್ ನಿಂತುಹೋಯಿತು. ಇದ್ದದ್ದು ಒಂದೇ. ಎರಡು ಇಡಬೇಕು ಅಂತ ಪುಸ್ತಕದಲ್ಲಿತ್ತು, ಬಜೆಟ್ಟಿನಲ್ಲಿ ಇರಲಿಲ್ಲ. ಕಡ್ಡಾಯ ಪರೀಕ್ಷೆ ಹಾಕಿದ್ದರಿಂದ ಡಬ್ಬಿ ತನ್ನ ಧರ್ಮ ಪಾಲಿಸಿತು, ಒಂದು ಫೈಲೂ ಕೊಡಲಿಲ್ಲ. ಹದಿನೈದು ನಿಮಿಷದಲ್ಲಿ ಮೂರೂ ಫೋನು ಒಟ್ಟಿಗೆ ಬಡಿದುಕೊಳ್ಳತೊಡಗಿದವು. "ಸ್ಟೇಟ್‌ಮೆಂಟ್ ಕಳಿಸಬೇಕು, ಫೈಲ್ ತೆರೀತಿಲ್ಲ, ನೀವೇನ್ರೀ ಮಾಡ್ತಾ ಇದ್ದೀರಿ?"

ಮೇಲಿನವರು ಕೇಳಿದರು, ಏನಾದರೂ ಮಾಡಲಿಕ್ಕೆ ಆಗುತ್ತಾ? ಆಗುತ್ತೆ ಸಾರ್, ಒಂದು ಸ್ವಿಚ್ ತೆಗೆದರೆ ಆಯಿತು ಅಂದೆ. ನಾನೇ ಟಿಪ್ಪಣಿ ಬರೆದೆ, ನಾನೇ ಸಹಿ ಹಾಕಿದೆ. "ತಾತ್ಕಾಲಿಕವಾಗಿ" ಅಂತ ಬರೆದಿದ್ದೆ. ಎಲ್ಲಿಯವರೆಗೆ ಅಂತ ಬರೆಯಲಿಲ್ಲ.

ಫೈಲ್ ತೆರೆಯಿತು. ಫೋನು ನಿಂತವು. ಯಾರೋ ಬೆನ್ನು ತಟ್ಟಿದರು, ಬಿರಿಯಾನಿ ಬಂತು. ಸರ್ವರ್ ರಿಪೇರಿಯಾಗಿ ಮರುದಿನವೇ ಬಂದಿತ್ತು. ಆದರೆ ಜೋಡಣೆ ಪೂರ್ತಿ ಆಗಿರಲಿಲ್ಲ, ಡಬ್ಬಿಗೂ ಅದಕ್ಕೂ ಮಾತು ಬಿಟ್ಟುಹೋಗಿತ್ತು. ಕಡ್ಡಾಯದ ಸ್ವಿಚ್ ಇದ್ದಿದ್ದರೆ ಅದೇ ಕ್ಷಣ ಗೊತ್ತಾಗುತ್ತಿತ್ತು, ಫೋನು ಬಡಿದುಕೊಳ್ಳುತ್ತಿತ್ತು. ಸ್ವಿಚ್ ಇಲ್ಲದ್ದರಿಂದ ಎಲ್ಲ ಸುಗಮ! ಹನ್ನೊಂದು ದಿನ ಕಾವಲುಗಾರನಿಲ್ಲದ ಬಾಗಿಲು. ಹನ್ನೆರಡನೆಯ ದಿನ ಯಾರದೋ ಪೆನ್‌ಡ್ರೈವಿನಿಂದ ಬಂದ ಹುಳವೊಂದು ಪ್ರತಿ ಫೋಲ್ಡರಿನಲ್ಲೂ ತನ್ನ ಮರಿ ಹಾಕಿತ್ತು. ಗ್ರಾಹಕರ ಖಾತೆಗಳು ಬೇರೆ ವ್ಯವಸ್ಥೆಯಲ್ಲಿದ್ದವು, ಹಣಕ್ಕೇನೂ ಆಗಲಿಲ್ಲ. ಆದರೆ ಇಡೀ ಕಚೇರಿ ಎರಡು ದಿನ ಕಂಪ್ಯೂಟರ್ ತೊಳೆಯುತ್ತಾ ಕೂತಿತು. ನನಗೆ ಮೆಮೊ ಬಂತು. ಬರಲೇಬೇಕಾದದ್ದು.

ಬ್ಯಾಂಕಿನವರಿಗೆ ಸಸ್ಪೆನ್ಸ್ ಖಾತೆ ಅಂದರೆ ಗೊತ್ತು. ಯಾವ ತಲೆಬರಹಕ್ಕೆ ಹಾಕಬೇಕು ಅಂತ ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕುತ್ತೇವೆ. ಆದರೆ ಪ್ರತಿ ನಮೂದಿಗೂ ವಯಸ್ಸು ಇರುತ್ತದೆ. ಇಷ್ಟು ದಿನ ಆಯ್ತು, ಯಾಕೆ ತೀರಿಸಿಲ್ಲ ಅಂತ ಇನ್ಸ್‌ಪೆಕ್ಷನ್‌ನವರು ಬಂದು ಮೊದಲು ಕೇಳುವುದೇ ಅದನ್ನ. ಹದಿನೈದು ವರ್ಷ ಸಸ್ಪೆನ್ಸ್ ಖಾತೆ ನೋಡಿಕೊಂಡ ನಾನು, ಒಂದು ಸ್ವಿಚ್ಚಿಗೆ ವಯಸ್ಸು ಬರೆಯುವುದನ್ನು ಮರೆತೆ. ಯಂತ್ರದ ದೋಷ ಅಂತ ಹೇಳಿಕೊಂಡು ತಿರುಗಬಹುದಿತ್ತು. ಯಂತ್ರ ಸರಿಯಾಗೇ ಇತ್ತು ಮಾರಾಯ್ರೆ.

*

ಕಾಲ ಬದಲಾಯಿತು, ಕಳ್ಳರೂ ಬದಲಾದರು. ಮೊದಲಿನ ವೈರಸ್ ಹುಡುಗಾಟ, ಹೆಸರಿನ ಚಪಲ. ಆಮೇಲೆ ದುಡ್ಡಿನ ವ್ಯವಹಾರ ಶುರುವಾಯಿತು.

2017ರ ಮೇ 12ರಂದು "ವನ್ನಾಕ್ರೈ" ಬಂದಾಗ ಆಂಧ್ರಪ್ರದೇಶ ಪೊಲೀಸರ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಅದು ಫೋಲ್ಡರಿನೊಳಗೆ ಫೈಲಾಗಿ ಕೂತು ಕಾಯಲಿಲ್ಲ. ಫೈಲ್ ಹಂಚುವ ಆ ಎಸ್‌ಎಂಬಿ ಭಾಷೆಯ ಹಳೇ ಆವೃತ್ತಿಯಲ್ಲೇ ಇದ್ದ ಬಿರುಕಿನಿಂದ ಒಂದು ಯಂತ್ರದಿಂದ ಇನ್ನೊಂದಕ್ಕೆ ನೇರ ಹಾರಿತು. ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಕೆಟ್ಟರು. ಬಾಗಿಲಲ್ಲಿ ಬುಟ್ಟಿ ತಪಾಸಣೆ ಮಾಡುವ ಕಾವಲುಗಾರನಿಗೆ, ಬಾಗಿಲಿನ ಚೌಕಟ್ಟೇ ಕಿತ್ತು ಬಂದರೆ ಏನು ಗೊತ್ತಾಗುತ್ತದೆ?

ಇನ್ನೂ ಒಂದು ಸೂಕ್ಷ್ಮ. ಈ ಸುಲಿಗೆ ಹುಳ ನಿಮ್ಮ ಕಂಪ್ಯೂಟರಿನಲ್ಲಿ ಕೂತು, ಡಬ್ಬಿಯಲ್ಲಿರುವ ಫೈಲುಗಳನ್ನು ಒಂದೊಂದಾಗಿ ತೆರೆದು, ಗೂಢಲಿಪಿ ಮಾಡಿ ವಾಪಸ್ ಇಡುತ್ತದೆ. ಹಾಗೆ ಇಟ್ಟ ಫೈಲಿನಲ್ಲಿ ವೈರಸ್ ಇರುವುದೇ ಇಲ್ಲ, ಬರೀ ಅರ್ಥವಾಗದ ಅಕ್ಷರ. ಸ್ಕ್ಯಾನಿಂಗ್ ಸರ್ವರ್ ನೋಡಿ "ಸರಿಯಾಗಿದೆ" ಅನ್ನುತ್ತದೆ. ತಪ್ಪೇನಿಲ್ಲ, ಅದಕ್ಕೆ ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರ.

ನಮ್ಮ ಊರಿನದೇ ಉದಾಹರಣೆ ಬೇಕಾದರೆ ಎ.ಪಿ. ಮಹೇಶ್ ಕೋ-ಆಪರೇಟಿವ್ ಅರ್ಬನ್ ಬ್ಯಾಂಕಿನದು. 2022ರ ಜನವರಿಯಲ್ಲಿ ಸುಮಾರು 12.48 ಕೋಟಿ ರೂಪಾಯಿ ಕಳವಾಯಿತು. ಹೈದರಾಬಾದ್ ಪೊಲೀಸರು ತನಿಖೆ ಮಾಡಿ ಹೇಳಿದ್ದು, ಹಿಂದಿನ ನವೆಂಬರಿನಲ್ಲೇ ಸಿಬ್ಬಂದಿಗೆ 200ಕ್ಕೂ ಹೆಚ್ಚು ಮೋಸದ ಈಮೇಲ್ ಬಂದಿದ್ದವು, ಅದನ್ನು ತೆರೆದಾಗ ಒಳಹೊಕ್ಕ ಪ್ರೋಗ್ರಾಂ ದೂರದಿಂದ ಕಂಪ್ಯೂಟರ್ ನಡೆಸಲು ಕಳ್ಳರಿಗೆ ದಾರಿ ಮಾಡಿತು ಅಂತ. ಮುಂದಿನ ವರ್ಷ ರಿಸರ್ವ್ ಬ್ಯಾಂಕ್ 65 ಲಕ್ಷ ರೂಪಾಯಿ ದಂಡ ಹಾಕಿತು. ಆ ಸುದ್ದಿ ಓದಿದ ದಿನ ನನಗೆ ಯಾರನ್ನೂ ಬೈಯಬೇಕು ಅನ್ನಿಸಲಿಲ್ಲ. ನನ್ನ ಹನ್ನೊಂದು ದಿನ ನೆನಪಾಯಿತು.

ಅದೇ 2022ರ ಜನವರಿಯಲ್ಲಿ ಇನ್ನೊಂದು ನಡೆಯಿತು. "ಡೆಡ್‌ಬೋಲ್ಟ್" ಅನ್ನೋ ಸುಲಿಗೆ ಹುಳ ಜಗತ್ತಿನಾದ್ಯಂತ ಕ್ಯೂನ್ಯಾಪ್ ಕಂಪನಿಯ ಸಣ್ಣ ನಾಸ್ ಡಬ್ಬಿಗಳನ್ನು ಹಿಡಿಯಿತು. ತಲಾ 0.03 ಬಿಟ್‌ಕಾಯಿನ್ ಕೇಳುತ್ತಿತ್ತು. ಇದಕ್ಕೂ ಮೊದಲು 2014ರ ಆಗಸ್ಟಿನಲ್ಲಿ ಸಿನಾಲಜಿ ಡಬ್ಬಿಗಳಿಗೆ "ಸಿನೋಲಾಕರ್" ಬಂದಿತ್ತು. ಈ ಸಲ ಬಾವಿಗೇ ಕಾಲರಾ! ಡಬ್ಬಿಯ ಸ್ವಂತ ಆಪರೇಟಿಂಗ್ ಸಿಸ್ಟಂ ಬಿರುಕಿನಿಂದ, ಇಂಟರ್ನೆಟ್ ಕಡೆಯ ಬಾಗಿಲಿನಿಂದ ನೇರ ಒಳಗೆ. ಡೆಡ್‌ಬೋಲ್ಟ್ ವಿಷಯದಲ್ಲಿ ನೆದರ್ಲೆಂಡ್ಸ್ ಪೊಲೀಸರು ಅದೇ ವರ್ಷ ಅಕ್ಟೋಬರಿನಲ್ಲಿ ಒಳ್ಳೇ ಮಜಾ ಮಾಡಿದರು. ಬಿಟ್‌ಕಾಯಿನ್ ಕಳಿಸಿದ ಹಾಗೆ ಮಾಡಿ, ಕಳ್ಳರ ವ್ಯವಸ್ಥೆ ತಾನಾಗೇ ಬೀಗದ ಕೀಲಿ ಕೊಟ್ಟ ತಕ್ಷಣ, ಪಾವತಿ ಪಕ್ಕಾ ಆಗುವ ಮೊದಲೇ ವಾಪಸ್ ತೆಗೆದುಕೊಂಡರು. 150ಕ್ಕೂ ಹೆಚ್ಚು ಕೀಲಿ ಹಾಗೆ ಸಿಕ್ಕಿದವು. ಚೆಕ್ ಕೊಟ್ಟು ಸ್ಟಾಪ್ ಪೇಮೆಂಟ್ ಹಾಕಿದ ಹಾಗೆ! ಬ್ಯಾಂಕಿನವನಾಗಿ ಇದಕ್ಕೆ ನಾನು ಚಪ್ಪಾಳೆ ತಟ್ಟಬಾರದು, ಆದರೂ ತಟ್ಟಿದೆ.

*

ನಮ್ಮ ಡಬ್ಬಿಗೆ ಅಂಥ ಕೀಲಿ ಸಿಗಲಿಲ್ಲ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಯಾಕಂದರೆ ತಪ್ಪು ನಮ್ಮದು. ಅಮೆರಿಕದಲ್ಲಿರುವ ಮಕ್ಕಳಿಗೆ ಅಜ್ಜನ ಫೋಟೋ ಕಾಣಲಿ ಅಂತ ನಮ್ಮವರೇ ಒಬ್ಬರು ರೂಟರಿನಲ್ಲಿ ಒಂದು ದಾರಿ ತೆರೆದಿದ್ದರು. ಒಳ್ಳೇ ಮನಸ್ಸಿನಿಂದಲೇ. ಡಬ್ಬಿಯ ಸಾಫ್ಟ್‌ವೇರ್ ಎರಡು ವರ್ಷದಿಂದ ಹೊಸದು ಮಾಡಿರಲಿಲ್ಲ. ಡಬ್ಬಿಯೊಳಗೆ ಒಂದು ಆಂಟಿವೈರಸ್ ಇದ್ದದ್ದು ನಿಜ, ಪ್ರತಿ ರಾತ್ರಿ ಓಡುತ್ತಿದ್ದದ್ದೂ ನಿಜ. ಆದರೆ ಡಬ್ಬಿಯನ್ನೇ ಹಿಡಿದವನಿಗೆ ಡಬ್ಬಿಯೊಳಗಿನ ಕಾವಲುಗಾರ ಯಾವ ಲೆಕ್ಕ? ಕ್ಯಾಶಿಯರ್ ಕೈಗೇ ಎರಡೂ ಕೀಲಿ ಕೊಟ್ಟು, ಲೆಕ್ಕ ಪರಿಶೋಧನೆಯನ್ನೂ ಅವನಿಗೇ ವಹಿಸಿದ ಹಾಗೆ ಆಗಿತ್ತು.

ಗೆಳೆಯರ ಪ್ರಶ್ನೆಗೆ ಇದೇ ಉತ್ತರ. ಅಗ್ಗದ ಸಣ್ಣ ಡಬ್ಬಿ ಕೊಂಡಾಗ ನಾವು ಆ ಹಳೇ ಕುರಿ ತೊಟ್ಟಿಯ ಪಾಠವನ್ನೇ ಬಿಟ್ಟೆವು. ಆದರೆ ಪೂರ್ತಿ ಹೇಳಬೇಕು ಅಂದರೆ, ಹೊರಗೊಂದು ಸ್ಕ್ಯಾನಿಂಗ್ ಸರ್ವರ್ ಇದ್ದಿದ್ದರೂ ಅವತ್ತು ಉಳಿಯುತ್ತಿರಲಿಲ್ಲ. ಅದು ಬುಟ್ಟಿ ನೋಡುವ ಕಾವಲುಗಾರ, ಕನ್ನ ಕೊರೆದವನನ್ನು ಕಾಣುವುದಿಲ್ಲ. ಉಳಿಸಬಹುದಾಗಿದ್ದದ್ದು ಮೂರನೆಯದೊಂದು. ಡಬ್ಬಿಗೂ ಕಾವಲುಗಾರನಿಗೂ ಇಬ್ಬರಿಗೂ ಕೈಗೆ ಸಿಗದ ನಕಲು. ನೆಟ್‌ಆಪ್ ಯಂತ್ರಗಳಲ್ಲಿ ಮೊದಲಿನಿಂದಲೂ ಸ್ನ್ಯಾಪ್‌ಶಾಟ್ ಅಂತ ಇತ್ತು. ನಿನ್ನೆ ಇದ್ದ ಹಾಗೆ, ಮೊನ್ನೆ ಇದ್ದ ಹಾಗೆ, ಯಾರೂ ತಿದ್ದಲಾಗದ ನೆರಳು ಪ್ರತಿ. ನಮ್ಮ ಡಬ್ಬಿಯಲ್ಲೂ ಆ ಸೌಲಭ್ಯ ಇತ್ತು. ಜಾಗ ತಿನ್ನುತ್ತೆ ಅಂತ ಆರಿಸಿದ್ದೆವು. ಆರಿಸಿದ ಸಭೆಯಲ್ಲಿ ನಾನೂ ಇದ್ದೆ. ಬಾಯಿ ತೆರೆಯಲಿಲ್ಲ.

ಸಿಕ್ಕಿದ್ದೆಷ್ಟು? ಒಬ್ಬರ ಅಲ್ಮೇರಾದಲ್ಲಿ ಹಳೇ ಹಾರ್ಡ್ ಡಿಸ್ಕ್ ಒಂದಿತ್ತು, ಮದುವೆ ಸೀರೆಗಳ ಕೆಳಗೆ. ಮೊದಲ ನಾಲ್ಕು ವರ್ಷದ ಕೆಲಸ ಅದರಲ್ಲಿತ್ತು. ಫೋಟೋಗಳನ್ನು ಮನೆಮನೆಗೆ ಹೋಗಿ ಮತ್ತೆ ಸ್ಕ್ಯಾನ್ ಮಾಡಬಹುದು, ಮಾಡುತ್ತಿದ್ದೇವೆ. ಕೊನೆಯ ಎರಡು ವರ್ಷದ ಧ್ವನಿಮುದ್ರಣ ಹೋಯಿತು. ಒಂಬತ್ತು ಹಿರಿಯರು. ಅದರಲ್ಲಿ ಆರು ಜನರ ಹತ್ತಿರ ಮತ್ತೆ ಹೋಗಿ ಕೂತೆವು, ಬೇಜಾರಿಲ್ಲದೆ ಮತ್ತೆ ಹೇಳಿದರು. ಮೂವರು ಈಗ ಇಲ್ಲ. ಬರ್ಕತ್‌ಪುರದ ಒಬ್ಬ ಅಜ್ಜಿ, 1948ರಲ್ಲಿ ಹನ್ನೆರಡು ವರ್ಷದ ಹುಡುಗಿ, ಆ ಮೂರು ರಾತ್ರಿ ಮನೆಯ ದೀಪ ಆರಿಸಿ ಕೂತದ್ದನ್ನು ಉರ್ದು ಬೆರೆತ ನಮ್ಮ ಕಡೆ ಕನ್ನಡದಲ್ಲಿ ಹೇಳಿದ್ದರು. ನಾನೇ ಮೈಕ್ ಹಿಡಿದಿದ್ದೆ. ಕಥೆ ನನಗೆ ನೆನಪಿದೆ, ಬರೆದಿಟ್ಟಿದ್ದೇನೆ. ಧ್ವನಿ ಬರೆಯಲಿಕ್ಕೆ ಆಗುವುದಿಲ್ಲ.

ಈಗ ಏನು ಮಾಡುತ್ತೇವೆ ಅಂತ ಹೇಳಿ ಮುಗಿಸುತ್ತೇನೆ. ಹೊಸ ಡಬ್ಬಿಯ ಇಂಟರ್ನೆಟ್ ದಾರಿ ಮುಚ್ಚಿದೆ. ಪೆನ್‌ಡ್ರೈವ್ ಬಂದರೆ ಮೊದಲು ಮೂಲೆಯಲ್ಲಿರುವ ಒಂದು ಹಳೇ ಕಂಪ್ಯೂಟರಿನಲ್ಲಿ ಅದ್ದಿ ತೆಗೆಯುತ್ತೇವೆ, ಹೌದು, ಕುರಿ ತೊಟ್ಟಿ ವಾಪಸ್ ಬಂದಿದೆ. ಸ್ನ್ಯಾಪ್‌ಶಾಟ್ ಹಾಕಿದ್ದೇವೆ. ಒಂದು ನಕಲು ನಾರಾಯಣಗೂಡದ ನಮ್ಮ ಮನೆಯಲ್ಲಿ, ಇನ್ನೊಂದು ಕಾಚಿಗೂಡದಲ್ಲಿ, ಎರಡೂ ವೈರಿಗೆ ಸೇರಿಸದೆ. ತಿಂಗಳ ಮೊದಲ ಭಾನುವಾರ ಇಬ್ಬರು ಕೂತು ಜೋಡಿಸಿ, ನಕಲು ಮಾಡಿ, ಮತ್ತೆ ಬಿಚ್ಚಿ, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕುತ್ತೇವೆ. ಅವತ್ತೇ ಐಕಾರ್ ಪರೀಕ್ಷಾ ಫೈಲ್ ಒಂದನ್ನು ಬಿಟ್ಟು ನೋಡುತ್ತೇವೆ. ಬರೀ 68 ಅಕ್ಷರದ ನಿರಪಾಯ ಫೈಲ್, ಆದರೆ ಎಲ್ಲ ಆಂಟಿವೈರಸ್ಸುಗಳೂ ಅದನ್ನು ವೈರಸ್ ಅಂತಲೇ ಹಿಡಿಯಬೇಕು ಅಂತ ಒಪ್ಪಂದ. ಕಾವಲುಗಾರ ಎದ್ದಿದ್ದಾನಾ ಅಂತ ಬಾಗಿಲು ತಟ್ಟಿ ನೋಡಿದ ಹಾಗೆ. ಏನಾದರೂ ಸ್ವಿಚ್ ತೆಗೆದರೆ ಪಕ್ಕದ ಕಾಲಂನಲ್ಲಿ ಬರೆಯಬೇಕು, ಎಂದು ವಾಪಸ್ ಹಾಕುವುದು ಅಂತ. ಆ ಕಾಲಂ ಗೆರೆ ಎಳೆದವನು ನಾನೇ.

ಮೊನ್ನೆ ಒಬ್ಬ ಹುಡುಗ ರಿಜಿಸ್ಟರ್ ನೋಡಿ ನಕ್ಕ. "ಅಂಕಲ್, ಇದೆಲ್ಲ ಬ್ಯಾಂಕ್ ಥರ ಇದೆ" ಅಂದ. ಹೌದಪ್ಪಾ, ಬ್ಯಾಂಕ್ ಥರಾನೇ ಅಂದೆ.

ನಿಮ್ಮ ಮನೆಯಲ್ಲೂ ಅಜ್ಜ ಅಜ್ಜಿಯರ ಧ್ವನಿ ಯಾವುದೋ ಒಂದೇ ಡಬ್ಬಿಯಲ್ಲೋ ಮೊಬೈಲಿನಲ್ಲೋ ಇದ್ದರೆ, ಇವತ್ತು ಸಂಜೆ ಇನ್ನೊಂದು ಕಡೆ ನಕಲು ಮಾಡಿ, ವೈರು ಬಿಚ್ಚಿ, ಸೀರೆಗಳ ಕೆಳಗೆ ಇಟ್ಟುಬಿಡಿ. ಮತ್ತೆ ಸಿಗೋಣ.